ಮೊದಲು ಹೊಸ್ತಿಲು ನೋಡಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯೆ? ಸರಿ.

‘ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವುದು, ಸರಿಪಡಿಸುವುದು, ಅನುಭವಿಸುವುದು’ ಅಂತ ವಿಷಯ ಕೊಟ್ಟಿದ್ದಾರೆ. ಮೂರು ದಿನದ ಶಿಬಿರಕ್ಕೆ ಆಗುವಷ್ಟು ಸರಕು, ನನಗೆ ಸಿಕ್ಕಿರುವುದು ನಲವತ್ತು ನಿಮಿಷ. ಅದಕ್ಕೇ ಒಂದೇ ಕಾರನ್ನು ಹಿಡಿದುಕೊಳ್ಳುತ್ತೇನೆ: ಎಂಜಿಬಿ, ಎಂಜಿ ಕಂಪನಿಯ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರಿಗೆ ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಟಾಪು ಮಡಚಿದ ಕಾರಿನ ಹುಚ್ಚು ಹತ್ತುತ್ತದೆ. ಆಗ ಜಾಹೀರಾತಿನಲ್ಲಿ ಕೈಗೆಟಕುವ ಬೆಲೆಗೆ ಕಣ್ಣಿಗೆ ಬೀಳುವುದು ಇದೇ. ಆಕ್ಸ್‌ಫರ್ಡ್ ಪಕ್ಕದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಬಿಡಿಭಾಗಕ್ಕೆ ಇವತ್ತಿಗೂ ಬರವಿಲ್ಲ. ನಿಮ್ಮ ಹತ್ತು ವರ್ಷದ ಕಾರಿನ ಕೆಲವು ಭಾಗಗಳಿಗಿಂತ ಬೇಗ ಇದರದು ಮನೆಗೆ ಬರುತ್ತದೆ.

ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ. ಕಾರು ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತಿಸುತ್ತಾರೆ. ಎತ್ತಿಸಬೇಡಿ. ಮೊಣಕಾಲೂರಿ ಕೂತು ಬಾಗಿಲ ಕೆಳಗೆ ನೋಡಿ. ಅಲ್ಲಿರುವುದನ್ನು ಇಲ್ಲಿಯವರು ಸಿಲ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೊಸ್ತಿಲು. ನಾವು ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಅದನ್ನು ತುಳಿಯದೆ ದಾಟುವ ಜನ. ಈ ಕಾರಿನ ವಿಷಯದಲ್ಲಿ ಆ ಸಂಪ್ರದಾಯ ನೂರಕ್ಕೆ ನೂರು ಸರಿ.

ಯಾಕೆ ಅಂದರೆ, ಎಂಜಿಬಿಗೆ ಬೇರೆ ಛಾಸಿ ಇಲ್ಲ. ಲಾರಿಗೆ, ಜೀಪಿಗೆ ಇರುವಂಥ ಎರಡು ಉದ್ದ ತೊಲೆಗಳಿಲ್ಲ. ತಗಡನ್ನು ಮಡಚಿ ಬೆಸೆದ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ರೋಡ್‌ಸ್ಟರಿಗೆ, ಅಂದರೆ ಟಾಪು ಮಡಚುವ ಮಾದರಿಗೆ, ಗಟ್ಟಿ ಮೇಲ್ಛಾವಣಿಯೂ ಇಲ್ಲ. ಹಾಗಾದರೆ ಕಾರಿನ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಏನು? ಎರಡು ಹೊಸ್ತಿಲು, ಸೀಟುಗಳ ನಡುವೆ ಉಬ್ಬಿ ನಿಂತ ಟನೆಲ್ಲು, ಅಷ್ಟೆ. ಆ ಹೊಸ್ತಿಲೂ ಒಂದು ಪದರದ್ದಲ್ಲ: ಹೊರಗಿನ ಸಿಲ್, ಒಳಗಿನ ಸಿಲ್, ಎರಡರ ನಡುವೆ ನಿಂತ ತಗಡು, ಕೆಳಗೆ ಕೋಟೆಯ ತೆನೆಯ ಹಾಗೆ ಮಡಿಚಿದ ಇನ್ನೊಂದು ಪಟ್ಟಿ. ಅದರ ಹೆಸರೇ ಕ್ಯಾಸಲ್ ರೈಲ್. ನಿಮಗೆ ಕಾಣುವುದು ಹೊರಗಿನದೊಂದೇ.

ತುಕ್ಕು ಶುರುವಾಗುವುದು ಕಾಣದ ಕಡೆಯಿಂದ. ಮುಂದಿನ ಚಕ್ರದ ಹಿಂಭಾಗದಲ್ಲಿ ಕೆಸರು ತಡೆಯುವ ಒಂದು ತಗಡು, ಅದರ ಅಂಚಿಗೆ ರಬ್ಬರ್ ಪಟ್ಟಿ. ಆ ರಬ್ಬರು ಒಣಗಿ ಸೀಳಿತು ಅಂದರೆ ಕೆಸರು ಒಳಗೆ ಹೋಗಿ ಕೂರುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಅದಕ್ಕೆ ಬೆರೆಯುತ್ತದೆ. ವರ್ಷಗಟ್ಟಲೆ ಹಸಿಯಾಗಿರುವ ಉಪ್ಪುಗೆಸರು! ಹೊರಗಿನ ಪೇಂಟಿನ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತು ಅಂದರೆ ಒಳಗೆ ಅಂಗೈ ಅಗಲ ಹೋಗಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ಪರೀಕ್ಷೆ ಹೇಗೆ? ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಪೇಂಟಿಗೆ ಗೀರು ಬೀಳದಂತೆ ತೆಳುವಾದ ಬಟ್ಟೆ ಸುತ್ತಿ. ಸಿಲ್ ಉದ್ದಕ್ಕೂ, ಮುಂದಿನ ಮಡ್‌ಗಾರ್ಡಿನ ಕೆಳ ತುದಿಗೆ, ಹಿಂದಿನ ಚಕ್ರದ ಮುಂಭಾಗಕ್ಕೆ ಹಿಡಿಯಿರಿ. ಒಂದು ಕಡೆ ಗಪ್ಪನೆ ಕಚ್ಚಿಕೊಂಡದ್ದು ಇನ್ನೊಂದು ಕಡೆ ಜಾರಿಬಿದ್ದರೆ ಅಲ್ಲಿರುವುದು ಕಬ್ಬಿಣವಲ್ಲ, ಪುಟ್ಟಿ. ಎರಡನೆಯದು ಬಾಗಿಲ ಸಂದು. ಮಾಲೀಕರನ್ನು ಕೇಳಿ, ಒಪ್ಪಿದರೆ ಸಿಲ್ ಕೆಳಗೆ ಜಾಕ್ ಹಚ್ಚುವ ಜಾಗದಲ್ಲಿ ಜಾಕ್ ಕೊಟ್ಟು ನಿಧಾನವಾಗಿ ಎತ್ತಿಸಿ. ಎತ್ತುವಾಗ ಬಾಗಿಲ ಹಿಂದಿನ ಸಂದನ್ನೇ ನೋಡುತ್ತಿರಿ. ಗಟ್ಟಿ ಕಾರಿನಲ್ಲಿ ಸಂದು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬಾಗಿಲು ತೆಗೆದು ಹಾಕಬಹುದು. ಹೊಸ್ತಿಲು ಕೊಳೆತಿದ್ದರೆ ಸಂದಿನ ಅಗಲ ಬದಲಾಗುತ್ತಾ ಬಂದು ಬಾಗಿಲು ಸಿಕ್ಕಿಕೊಳ್ಳುತ್ತದೆ. ಜಾಕ್ ಹಚ್ಚಲು ಮಾಲೀಕರು ಒಪ್ಪದಿದ್ದರೆ? ಅದೂ ಒಂದು ಉತ್ತರವೇ. ಚಹಾ ಕುಡಿದು, ನಮಸ್ಕಾರ ಹೇಳಿ ಬಂದುಬಿಡಿ.

ಇನ್ನೊಂದು ಮೋಸ: ಹಳೇ ಕೊಳೆತ ಸಿಲ್ ಮೇಲೆಯೇ ಹೊಸ ತಗಡಿನ ಕವರ್ ಹೊದಿಸಿ ಬಿಡುವುದು. ಪಂಚೆ ಹರಿದರೆ ಮೇಲೊಂದು ಪಂಚೆ ಉಟ್ಟ ಹಾಗೆ. ಸರಿಯಾದ ಸಿಲ್ ಮುಂದಿನ ಮಡ್‌ಗಾರ್ಡಿನ ಒಳಗೂ ಹೋಗಿರುತ್ತದೆ. ಹಾಗಾಗಿ ಮಡ್‌ಗಾರ್ಡ್ ಬಿಚ್ಚದೆ ಅದನ್ನು ಹಾಕುವುದಕ್ಕೇ ಆಗುವುದಿಲ್ಲ. ‘ಸಿಲ್ ಹೊಸದು’ ಅಂದವರನ್ನು ‘ಮಡ್‌ಗಾರ್ಡ್ ಬಿಚ್ಚಿಸಿದ್ದಿರಾ, ಫೋಟೊ ಇದೆಯಾ’ ಅಂತ ಕೇಳಿ. ಒಳ್ಳೆಯ ಕೆಲಸ ಮಾಡಿಸಿದವರು ಫೋಟೊ ತೋರಿಸಲು ಕಾಯುತ್ತಿರುತ್ತಾರೆ. ಮೊಮ್ಮಗುವಿನ ಫೋಟೊ ತೋರಿಸಿದ ಹಾಗೆ, ನಿಲ್ಲಿಸುವುದೇ ಇಲ್ಲ.

ಸರಿ, ಈಗ ಬಾನೆಟ್ ಎತ್ತಿ. ಒಳಗೆ ನಮ್ಮ ಹಳೇ ಪರಿಚಯದವರೊಬ್ಬರು ಕೂತಿದ್ದಾರೆ. 1798 ಸಿಸಿಯ ಈ ಬಿ-ಸೀರೀಸ್ ಎಂಜಿನ್ನು ನಮ್ಮ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಣ್ಣ. ಒಂದೇ ಮನೆತನ, ವಾಲ್ವ್ ತೆರೆಯುವ ಅದೇ ಪುಷ್‌ರಾಡ್, ಅದೇ ಟ್ಯಾಪೆಟ್ ಸದ್ದು. ಬೆಂಗಳೂರಿನಲ್ಲಿ ಅಂಬಾಸಿಡರ್ ಬಿಚ್ಚಿ ಕಟ್ಟಿದ ಮೇಸ್ತ್ರಿಯನ್ನು ಇದರ ಮುಂದೆ ನಿಲ್ಲಿಸಿದರೆ ಅವರಿಗೆ ಹೊಸದಾಗಿ ಕಲಿಯುವುದು ಬಹಳ ಇರುವುದಿಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಒಂದರ ಬದಲು ಎರಡು ಇವೆಯಲ್ಲ ಅನ್ನಬಹುದು, ಅಷ್ಟೆ. 1964ರ ಕೊನೆಯವರೆಗಿನ ಕಾರುಗಳಲ್ಲಿ ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ, ಮೂರು ಮೇನ್ ಬೇರಿಂಗ್, ಆಮೇಲಿನವುಗಳಲ್ಲಿ ಐದು. ದಿನವೂ ಓಡಿಸುವವರಿಗೆ ಐದರದ್ದೇ ವಾಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಓಡುವಾಗ ಆಯಿಲ್ ಪ್ರೆಶರ್ 50 ಪಿಎಸ್‌ಐ ಮೇಲಿದ್ದರೆ ನೆಮ್ಮದಿ. ತಣ್ಣಗಿರುವಾಗ ಎಲ್ಲ ಎಂಜಿನ್ನೂ ಹುಲಿಯೇ, ಬಿಸಿಯಾದ ಮೇಲೆ ನೋಡಿ. ಟ್ಯಾಪೆಟ್ ಸಂದು ತಣ್ಣಗಿರುವಾಗ 15 ಥೌ, ಅಂದರೆ ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನೈದು. ಪ್ಲಗ್ಗಿನ ಸಂದು 25 ಥೌ. ಸ್ವಲ್ಪ ಟಿಕಟಿಕ ಇರಲಿ, ಪೂರಾ ನಿಶ್ಶಬ್ದವಾಗಿದ್ದರೆ ಯಾರೋ ಟ್ಯಾಪೆಟ್ ಬಿಗಿ ಮಾಡಿ ವಾಲ್ವ್ ಸುಡಲು ಬಿಟ್ಟಿದ್ದಾರೆ ಅಂತ ಅರ್ಥ.

ಇದು ಎಂಥ ಗಟ್ಟಿ ಎಂಜಿನ್ನು ಅನ್ನುವುದಕ್ಕೆ ಒಂದು ಕಥೆ. ಚಿಕ್ಕದಾಗಿಯೇ ಹೇಳುತ್ತೇನೆ. 1963ರಲ್ಲಿ ಫ್ರಾನ್ಸಿನ ಲೆ ಮಾನ್ಸ್, ಇಪ್ಪತ್ತನಾಲ್ಕು ಗಂಟೆಯ ರೇಸು. ಒಂದೇ ಒಂದು ಎಂಜಿಬಿ, ಮೂತಿ ಸ್ವಲ್ಪ ಉದ್ದ ಮಾಡಿದ್ದರು. ಡ್ರೈವರುಗಳು ಬೆಲ್‌ಫಾಸ್ಟಿನ ಪ್ಯಾಡಿ ಹಾಪ್‌ಕರ್ಕ್ ಮತ್ತು ಆಲನ್ ಹಚಿಸನ್. ಶುರುವಿನಲ್ಲೇ ಹಚಿಸನ್ ಮುಲ್ಸಾನ್ ತಿರುವಿನಲ್ಲಿ ನೇರ ಮರಳಿಗೆ ಇಳಿಸಿಬಿಟ್ಟರು. ಆ ರೇಸಿನ ನಿಯಮ ಏನು ಗೊತ್ತೆ? ಪಿಟ್, ಅಂದರೆ ತಂಡದ ರಿಪೇರಿ ಜಾಗ, ಅದನ್ನು ಬಿಟ್ಟು ಬೇರೆಲ್ಲಿ ಕಾರು ನಿಂತರೂ ಡ್ರೈವರೊಬ್ಬರೇ ಅದನ್ನು ಮುಟ್ಟಬೇಕು. ಬೇರೆ ಯಾರೂ ಕೈ ಹಾಕುವಂತಿಲ್ಲ. ಉಳಿದ ಕಾರುಗಳು ಪಕ್ಕದಲ್ಲೇ ಸುಯ್ಯನೆ ಹೋಗುತ್ತಿವೆ, ಈ ಮನುಷ್ಯ ಮರಳು ತೋಡುತ್ತಿದ್ದಾರೆ. ಹತ್ತು ನಿಮಿಷವಲ್ಲ, ಇಪ್ಪತ್ತಲ್ಲ, ಗಂಟೆಗೂ ಮೇಲೆ. ಕೊನೆಗೂ ಕಾರು ಎದ್ದಿತು. ಆಮೇಲೆ ಇಬ್ಬರೂ ಸೇರಿ ಮರುದಿನ ಸಂಜೆಯವರೆಗೆ ಓಡಿಸಿ ಹನ್ನೆರಡನೇ ಸ್ಥಾನದಲ್ಲಿ ಮುಗಿಸಿದರು, ತಮ್ಮ ವರ್ಗದಲ್ಲಿ ಮೊದಲ ಸ್ಥಾನ! ಇದೇ ಹಾಪ್‌ಕರ್ಕ್ ಮುಂದಿನ ಜನವರಿಯಲ್ಲಿ ಮಿನಿ ಕೂಪರ್‌ನಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದರು, ಅದು ಬೇರೆ ಕಥೆ, ಅದಕ್ಕೆ ಹೋಗುವುದಿಲ್ಲ. ನಾನು ಹೇಳುವುದು ಇಷ್ಟು: ಮರಳಿನಿಂದ ಎದ್ದು ಬಂದ ಕಾರಿನ ಎಂಜಿನ್ನು ದೊಡ್ಡದು, ನಿಜ. ಆದರೆ ಅವತ್ತು ಅದರ ಹೊಸ್ತಿಲೂ ಹೊಸದಾಗಿತ್ತು.

ನಗಬೇಡಿ, ಲೆಕ್ಕದ ಮಾತು. ಎಂಜಿನ್ನು, ಗೇರ್‌ಬಾಕ್ಸು, ಬ್ರೇಕು ಎಲ್ಲ ಬಿಚ್ಚಿ ಹಾಕುವ ವಸ್ತು. ಅವಕ್ಕೆ ಆಗುವ ಖರ್ಚು ಮೊದಲೇ ಅಂದಾಜಿಗೆ ಸಿಗುತ್ತದೆ. ತುಕ್ಕಿಗೆ ಅಂದಾಜೇ ಇಲ್ಲ. ಒಂದು ಕಡೆ ಕತ್ತರಿಸಿದರೆ ಪಕ್ಕದ್ದು ಕೈಗೆ ಬರುತ್ತದೆ.

ಸಿಲ್ ಬದಲಾಯಿಸಲೇಬೇಕು ಅಂದರೆ ಕ್ರಮ ಹೀಗೆ. ಎರಡೂ ಕಡೆ ಒಟ್ಟಿಗೆ ಕತ್ತರಿಸಬಾರದು, ಒಂದು ಕಡೆ ಪೂರ್ತಿ ಮುಗಿದ ಮೇಲೆ ಇನ್ನೊಂದು. ಕತ್ತರಿಸುವ ಮೊದಲು ಬಾಗಿಲ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ, ತೆರಪು ಹಿಗ್ಗದಂತೆ, ಕುಗ್ಗದಂತೆ. ಕಾರನ್ನು ಮುಂದೆ ಕ್ರಾಸ್‌ಮೆಂಬರ್ ಅನ್ನುವ ಅಡ್ಡತೊಲೆಯ ಮೇಲೆ, ಹಿಂದೆ ಆಕ್ಸಲಿನ ಮೇಲೆ ಸ್ಟ್ಯಾಂಡ್ ಕೊಟ್ಟು ಕೂರಿಸಿ. ಅಂದರೆ ರಸ್ತೆಯ ಮೇಲೆ ನಿಂತಾಗ ಭಾರ ಎಲ್ಲಿ ಬೀಳುತ್ತದೋ ಅಲ್ಲೇ. ನಡುವಿಗೆ ಜಾಕ್ ಕೊಟ್ಟು ವೆಲ್ಡ್ ಮಾಡಿದರೆ ಬಾಡಿ ಬಾಗಿದ ಹಾಗೇ ಸೆಟ್ ಆಗುತ್ತದೆ, ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಹೊಸ ಸಿಲ್ಲನ್ನು ಮೊದಲು ಕ್ಲ್ಯಾಂಪಿನಲ್ಲಿ ಹಿಡಿಸಿ, ಪಟ್ಟಿ ಅಡ್ಡ ಬಂದರೆ ಅದನ್ನು ಸರಿಸಿಕೊಂಡು ಬಾಗಿಲನ್ನೂ ಮಡ್‌ಗಾರ್ಡನ್ನೂ ತೂಗುಹಾಕಿ, ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯೆ ನೋಡಿ. ಇಲ್ಲವಾದರೆ ಬಿಚ್ಚಿ, ಮತ್ತೆ ಹಿಡಿಸಿ. ಈ ಬಿಚ್ಚಿ ಹಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಲಿ. ವೆಲ್ಡಿಂಗನ್ನು ಉದ್ದಕ್ಕೆ ಒಂದೇ ಗೆರೆ ಎಳೆಯಬೇಡಿ. ಅಲ್ಲೊಂದು ಇಲ್ಲೊಂದು ಚುಕ್ಕೆ, ನಡುವೆ ಆರಲು ಬಿಟ್ಟು. ತಗಡು ಕಾದರೆ ಹಪ್ಪಳವಾಗುತ್ತದೆ. ಪೇಂಟ್ ಎಲ್ಲ ಮುಗಿದ ಮೇಲೆ ಒಳಗೆ ತುಕ್ಕು ತಡೆಯುವ ಮೇಣ, ಕ್ಯಾವಿಟಿ ವ್ಯಾಕ್ಸ್, ಹೊಡೆಯಿರಿ. ಮೊದಲೇ ಹೊಡೆದರೆ ವೆಲ್ಡಿಂಗಿನ ಕಿಡಿಗೆ ಹತ್ತಿಕೊಳ್ಳುತ್ತದೆ. ಕೊನೆಗೆ ಸಿಲ್ಲಿನ ತಳದ ನೀರು ಹೋಗುವ ಸಂದುಗಳು ತೆರೆದಿವೆಯೆ ಅಂತ ಕಡ್ಡಿ ಹಾಕಿ ನೋಡಿ. ಅವನ್ನು ಅಚ್ಚುಕಟ್ಟಾಗಿ ಪುಟ್ಟಿಯಲ್ಲಿ ಮುಚ್ಚುವ ಮಹಾನುಭಾವರಿದ್ದಾರೆ.

ಇಷ್ಟೆಲ್ಲ ಯಾರಿಗೆ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಹಳೆಯ ಅಚ್ಚುಗಳಲ್ಲೇ ಎಂಜಿಬಿಯ ಪೂರಾ ಬಾಡಿಯನ್ನೇ ಹೊಸದಾಗಿ ಒತ್ತಿ ಕೊಡುತ್ತಿದ್ದಾರೆ. ಹಣ ಜಾಸ್ತಿ, ತಲೆನೋವು ಕಡಿಮೆ. ನನ್ನನ್ನು ಕೇಳಿದರೆ ಎರಡಕ್ಕಿಂತ ಉತ್ತಮ ಮೂರನೆಯ ದಾರಿ: ಹಿಂದಿನವರು ಚೆನ್ನಾಗಿ ಇಟ್ಟುಕೊಂಡ ಕಾರನ್ನೇ ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳಿ. ಪೇಂಟ್ ಮಾಸಿದ್ದರೂ ಪರವಾಗಿಲ್ಲ, ಬಿಲ್ಲುಗಳ ಕಟ್ಟು ದಪ್ಪಗಿರಬೇಕು.

ಚೀಟಿ ಬಂತು. ಹತ್ತು ನಿಮಿಷವಂತೆ. ಹಾಗಾದರೆ ಗೇರ್‌ಬಾಕ್ಸು, ಸಸ್ಪೆನ್ಶನ್ನು ಎಲ್ಲ ಓಡಿಸಿಬಿಡುತ್ತೇನೆ. ಓವರ್‌ಡ್ರೈವ್, ಅಂದರೆ ವೇಗದಲ್ಲೂ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು, ಇರುವ ಕಾರನ್ನೇ ಹುಡುಕಿ, ಮೋಟರ್‌ವೇಯಲ್ಲಿ ಕಿವಿ ಉಳಿಯುತ್ತದೆ. ಅದು ಹಿಡಿಯದಿದ್ದರೆ ಗಾಬರಿ ಬೇಡ, ಮೊದಲು ವೈರು, ಸ್ವಿಚ್ಚು, ಆಯಿಲ್ ಮಟ್ಟ ನೋಡಿ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಆಯಿಲ್, 1967ರ ಕೊನೆಯಿಂದ ಬಂದ ಗೇರ್‌ಬಾಕ್ಸಿಗೆ ಎಂಜಿನ್ನಿಗೆ ಹಾಕುವ 20ಡಬ್ಲ್ಯು-50ಯೇ. ಡಿಫರೆನ್ಶಿಯಲ್ಲಿನ 90 ನಂಬರ್ ಆಯಿಲನ್ನು ಇಲ್ಲಿಗೆ ಸುರಿಯಬಾರದು. ಮುಂದಿನ ಚಕ್ರಗಳು ಹೊರಳುವ ಕೀಲು, ಅಂದರೆ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಮೂರು ಸಾವಿರ ಮೈಲಿಗೊಮ್ಮೆ, ಮರೆತರೆ ಸ್ಟಿಯರಿಂಗ್ ರಾಗಿ ಕಲ್ಲು ತಿರುಗಿಸಿದ ಹಾಗಾಗುತ್ತದೆ. ತಂತಿಯ ಚಕ್ರ ಇದ್ದರೆ ಪೆನ್ಸಿಲಿನಲ್ಲಿ ಒಂದೊಂದೇ ಕಡ್ಡಿ ತಟ್ಟುತ್ತಾ ಹೋಗಿ, ಶ್ರುತಿ ಸೇರದೆ ‘ಥಡ್’ ಅಂದದ್ದು ಸಡಿಲ. ಈ ಚಕ್ರವನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್ಟು: ಎಡಗಡೆಯದು ಅಪ್ರದಕ್ಷಿಣವಾಗಿ ಬಿಚ್ಚುತ್ತದೆ, ಬಲಗಡೆಯದು ಪ್ರದಕ್ಷಿಣವಾಗಿ. ತಾಮ್ರದ ಸುತ್ತಿಗೆ ಮಾತ್ರ. ಯಾರಾದರೂ ಚಕ್ರ ಕೂರುವ ಹಬ್ಬುಗಳನ್ನು ಎಡಬಲ ಅದಲು ಬದಲು ಮಾಡಿ ಹಾಕಿದ್ದರೆ ಓಡುತ್ತಾ ಓಡುತ್ತಾ ನಟ್ಟು ತಾನೇ ಬಿಚ್ಚಿಕೊಳ್ಳುತ್ತದೆ.

ಇದೊಂದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಈ ಕಾರಿನ ಸುಖ ಇರುವುದೇ ಇಲ್ಲಿ: ಎರಡು ಎಸ್‌ಯು ಕಾರ್ಬುರೇಟರುಗಳ ಟ್ಯೂನಿಂಗ್. ಎಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆಯಿರಿ. ಮೊದಲು ಮೊಳದುದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಗಾಳಿ ಎಳೆಯುವ ‘ಸ್ಸ್’ ಸದ್ದು ಎರಡರಲ್ಲೂ ಒಂದೇ ಸಮ ಬರುವವರೆಗೆ ಸ್ಕ್ರೂ ತಿರುಗಿಸಿ. ಆಮೇಲೆ ಮಿಶ್ರಣ. ಕಾರ್ಬುರೇಟರಿನ ಪಕ್ಕದಲ್ಲಿ ಕೆಳಗಿನಿಂದ ಒಂದು ಸಣ್ಣ ಪಿನ್ ಇದೆ, ಅದನ್ನು ಬೆರಳ ತುದಿಯಲ್ಲಿ ಮೇಲಕ್ಕೆ ಒತ್ತಿದರೆ ಮೊದಲು ಸುಮ್ಮನೆ ಚಲಿಸುತ್ತದೆ, ಆಮೇಲೆ ಕಾರ್ಬುರೇಟರಿನೊಳಗಿನ ಪಿಸ್ಟನ್ನಿನ ಭಾರ ಬೆರಳಿಗೆ ಸಿಗುತ್ತದೆ. ಸಿಕ್ಕ ಮೇಲೆ ಒಂದು ಮಿಲಿಮೀಟರಿನಷ್ಟೂ ಬೇಡ, ಅದಕ್ಕಿಂತ ಕಡಿಮೆ ಎತ್ತಿ. ಎಂಜಿನ್ ಸದ್ದು ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಉಸಿರು ಕಟ್ಟಿದರೆ ಕಡಿಮೆ. ಒಂದು ಗಳಿಗೆ ಏರಿ ಮತ್ತೆ ಮೊದಲಿನಂತಾದರೆ ಸರಿ. ಕಾರ್ಬುರೇಟರಿನ ತಲೆಯ ಮೇಲಿನ ಡ್ಯಾಶ್‌ಪಾಟಿನಲ್ಲಿ ತೆಳು ಎಣ್ಣೆ ಇದೆಯೆ ಮೊದಲೇ ನೋಡಿರಿ, ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ, ನೀವು ಇಡೀ ಭಾನುವಾರ ಸ್ಕ್ರೂ ತಿರುಗಿಸುತ್ತಾ ಕೂರುತ್ತೀರಿ.

ಪೆಟ್ರೋಲ್ ಪಂಪು ಹಿಂದೆ ಟಿಕ್ ಟಿಕ್ ಅನ್ನುತ್ತದೆ. ನಿಂತುಹೋದರೆ ಕೆಳಗೆ ಬಗ್ಗಿ ಮೆತ್ತಗೆ ಒಂದು ಗುದ್ದು, ಮತ್ತೆ ಶುರು. ಇದು ದುರಸ್ತಿಯಲ್ಲ, ಮನೆ ಮುಟ್ಟುವ ಉಪಾಯ. ಒಳಗೆ ಕರೆಂಟು ಹಾಯಿಸುವ ಪಾಯಿಂಟ್ಸ್ ಸುಟ್ಟಿವೆ, ಬದಲಾಯಿಸಿ.

ಪೆಟ್ರೋಲ್ ಇ-5 ಹಾಕಿ, ಅಂದರೆ ಎಥನಾಲ್ ಕಡಿಮೆ ಇರುವುದು. ಇ-10ರ ಎಥನಾಲ್ ಹಳೇ ರಬ್ಬರ್ ಹೋಸುಗಳನ್ನು ಮೆತ್ತಗೆ ಮಾಡುತ್ತದೆ, ಹೋಸುಗಳನ್ನು ಆರ್-9 ದರ್ಜೆಯವಕ್ಕೆ ಬದಲಾಯಿಸಿ. 1967ರವರೆಗಿನ ಕಾರುಗಳದ್ದು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ, ಫೋನ್ ಚಾರ್ಜರ್ ಸಿಕ್ಕಿಸುವ ಮೊದಲು ಮೂರು ಸಲ ಯೋಚಿಸಿ. ಬ್ಯಾಟರಿ ಹುಡುಕುತ್ತಾ ಬಾನೆಟ್ಟಿನಡಿ ತಡಕಬೇಡಿ, ಸೀಟಿನ ಹಿಂದೆ ಇದೆ. 1974ರವರೆಗೆ 6 ವೋಲ್ಟಿನವು ಎರಡು.

ಕಾಗದಪತ್ರ. ನಲವತ್ತು ವರ್ಷ ದಾಟಿದ್ದಕ್ಕೆ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿನಿಂದ, ಬಹಳ ಮಾರ್ಪಾಡು ಮಾಡದ ಅಂಥ ಕಾರಿಗೆ ಎಂಒಟಿ, ಅಂದರೆ ವರ್ಷಕ್ಕೊಮ್ಮೆಯ ಸರ್ಕಾರಿ ತಪಾಸಣೆ, ಅದೂ ಕಡ್ಡಾಯವಲ್ಲ. ಆದರೂ ಮಾಡಿಸಿ, ಇನ್ನೊಬ್ಬರ ಕಣ್ಣು ಕೆಳಗೆ ಬೀಳುವುದು ಒಳ್ಳೆಯದು. ಕೊಳ್ಳುವ ಮೊದಲು ನಂಬರ್ ಹಾಕಿ ಹಳೇ ಎಂಒಟಿ ದಾಖಲೆ ಆನ್‌ಲೈನಿನಲ್ಲಿ ಓದಿ, ಪುಕ್ಕಟೆ. ‘ತುಕ್ಕು’ ಅನ್ನುವ ಪದ ಯಾವ ವರ್ಷ ಮೊದಲು ಬಂತು, ಆಮೇಲೆ ಯಾವ ವರ್ಷ ಮಾಯವಾಯಿತು, ಮಾಯವಾದ ವರ್ಷದ ವೆಲ್ಡಿಂಗ್ ಬಿಲ್ಲು ಇದೆಯಾ, ಕೇಳಿ.

ಟಾಪು ಮಡಚುವುದು ಉಳಿಯಿತು. ಚಳಿಯಲ್ಲಿ ಮಡಚಬೇಡಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಹತ್ತು ನಿಮಿಷ ಬಿಟ್ಟು, ಕಿಟಕಿಯ ಮಡಿಕೆಯಲ್ಲಿ ಹಳೇ ಟವೆಲ್ ಇಟ್ಟು ಮಡಚಿ.

ಸಭಾಂಗಣದವರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಸಾಕು. ಪ್ರಶ್ನೆಗಳಿಗೆ ಕಾರ್ ಪಾರ್ಕಿಗೆ ಬನ್ನಿ. ನಿಮ್ಮಲ್ಲೊಬ್ಬರು ಹಸಿರು ಜಿಟಿಯೊಂದನ್ನು, ಅಂದರೆ ಗಟ್ಟಿ ಛಾವಣಿಯ ಎಂಜಿಬಿಯನ್ನು, ತಂದು ನಿಲ್ಲಿಸಿದ್ದಾರೆ. ಮ್ಯಾಗ್ನೆಟ್, ಟಾರ್ಚು ಎರಡೂ ನನ್ನ ಜೇಬಿನಲ್ಲಿವೆ. ಮಾಲೀಕರು ಹೂಂ ಅಂದರೆ ಎಲ್ಲರೂ ಒಮ್ಮೆ ಮೊಣಕಾಲೂರೋಣ.