ವಿಡಿಯೋ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬೇಕು?

ಸಹೋದ್ಯೋಗಿ ಮಿತ್ರರೆಲ್ಲರಿಗೂ ನಮಸ್ಕಾರ.

2020ರ ಮಾರ್ಚ್ ಕೊನೆಯ ವಾರ ನಮ್ಮಲ್ಲಿ ಯಾರಿಗೂ ಮರೆತಿರಲಾರದು. ಲಾಕ್‌ಡೌನ್ ಬಂತು, ಕಾಲೇಜಿಗೆ ಬೀಗ ಬಿತ್ತು. ಪುಸ್ತಕಗಳ ರಾಶಿಗೆ ಫೋನ್ ಒರಗಿಸಿ ಪಾಠ ಶುರು ಮಾಡಿದೆವು. ನಾನು ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು. ತರಗತಿಯ 50 ನಿಮಿಷವನ್ನು ಹಾಗೇ 50 ನಿಮಿಷದ ವಿಡಿಯೋ ಮಾಡಿ ಕಳಿಸುತ್ತಿದ್ದೆ. ರಾತ್ರಿ ಹನ್ನೊಂದರವರೆಗೆ ಕೂತು ರೆಕಾರ್ಡ್ ಮಾಡಿದ ದಿನಗಳಿವೆ.

ಜೂನ್‌ನಲ್ಲಿ ಒಬ್ಬ ಹುಡುಗಿ ಫೋನ್ ಮಾಡಿದಳು. ಅವಳ ಊರಲ್ಲಿ ಸಿಗ್ನಲ್ ಸಿಗುವುದು ತೋಟದ ಆಚೆಯ ದಿಬ್ಬದ ಮೇಲೆ ಮಾತ್ರ. ಅಲ್ಲಿಂದಲೇ ಮಾತಾಡುತ್ತಿದ್ದಳು. "ಮೇಡಂ, ವಿಡಿಯೋ ಎರಡು ಸಲ ನೋಡಿದೀನಿ. ನೋಡೋವಾಗ ಎಲ್ಲಾ ಅರ್ಥ ಆಗುತ್ತೆ. ಆಮೇಲೆ ಲೆಕ್ಕ ಮಾಡೋಕೆ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳು ಸೋಮಾರಿಯಲ್ಲ, ಮಳೆಗಾಲದಲ್ಲಿ ದಿಬ್ಬ ಹತ್ತಿ ಪಾಠ ಕೇಳಿದವಳು. ಕೊರತೆ ಇದ್ದದ್ದು ನಾನು ಕಟ್ಟಿದ ಪಾಠದಲ್ಲಿ. ನಾನು ಏನು ಹೇಳಬೇಕು ಎಂದು ಯೋಚಿಸಿದ್ದೆ. ನಾನು ಹೇಳಿ ಮುಗಿಸಿದ ಮೇಲೆ ಅವಳು ಏನು ಮಾಡಬೇಕು ಎಂಬುದನ್ನು ಯೋಚಿಸಿರಲಿಲ್ಲ.

ಅವಳಿಗೆ ಆದದ್ದು ಏಕೆ ಆಯಿತು ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಉತ್ತರವಿದೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಸಣ್ಣ ಗದ್ಯಭಾಗ ಕೊಟ್ಟರು. ಒಂದನ್ನು ಅವರು ಎರಡು ಸಲ ಓದಿದರು. ಇನ್ನೊಂದನ್ನು ಒಂದು ಸಲ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದು, ಅದರಲ್ಲಿ ಶೇ. 81 ನೆನಪಿತ್ತು, ಓದಿ ಬರೆದದ್ದರಲ್ಲಿ ಶೇ. 75. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಓದಿ ಬರೆದದ್ದರಲ್ಲಿ ಶೇ. 56. ಎರಡನೆಯ ಸಲ ಓದುವಾಗ, ನೋಡುವಾಗ, ಪರಿಚಯ ಹೆಚ್ಚುತ್ತದೆ. ಆ ಪರಿಚಯವನ್ನೇ ನಾವು ಅರ್ಥವಾಯಿತು ಎಂದುಕೊಳ್ಳುತ್ತೇವೆ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದಂತೆ.

ವಿಡಿಯೋ ಚಿಕ್ಕದಿರಲಿ ಎಂಬ ಸಲಹೆಯನ್ನು ನೀವೆಲ್ಲ ಕೇಳಿದ್ದೀರಿ. ಅದಕ್ಕೆ ಆಧಾರವೂ ಇದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯಲ್ಲಿ ವಿಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಿಡಿಯೋ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ಆದರೆ ಉದ್ದದ ಉಪನ್ಯಾಸವನ್ನು ಎಂಟು ತುಂಡು ಮಾಡಿಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಎಂಟು ತುಂಡು ಉಪನ್ಯಾಸ, ಅಷ್ಟೇ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ವಿದ್ಯಾರ್ಥಿಯ ಕೈ ಪೆನ್ನು ಹಿಡಿಯಬೇಕು.

ನಾನು ಈಗ ಒಂದು ವಾರದ ಪಾಠವನ್ನು ಹೇಗೆ ಕಟ್ಟುತ್ತೇನೆ ಎಂದು ಹೇಳುತ್ತೇನೆ. ವಿಷಯ ಸ್ಟ್ಯಾಂಡರ್ಡ್ ಡೀವಿಯೇಷನ್, ಕನ್ನಡದಲ್ಲಿ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಅಳತೆ. ಸೋಮವಾರ ವಿಡಿಯೋ ಇಲ್ಲ, ವಾಟ್ಸ್ಆ್ಯಪ್‌ನಲ್ಲಿ ಒಂದು ಪ್ರಶ್ನೆ ಮಾತ್ರ. ಎರಡು ಬಸ್ಸುಗಳಿವೆ. ಒಂದು ಐದು ದಿನದಲ್ಲಿ 8, 10, 12, 9, 11 ನಿಮಿಷ ತಡವಾಗಿ ಬಂತು. ಇನ್ನೊಂದು 0, 25, 2, 20, 3 ನಿಮಿಷ. ಎರಡರ ಸರಾಸರಿಯೂ 10. ನಾಳೆ ಪರೀಕ್ಷೆ ಇದೆ, ಯಾವ ಬಸ್ಸು ಹತ್ತುತ್ತೀರಿ, ಏಕೆ? ಎರಡೇ ಸಾಲು ಬರೆಯಿರಿ.

ಬಸ್ಸಿಗೆ ಕಾದು ಅಭ್ಯಾಸವಿರುವ ಮಕ್ಕಳು ಇವರು, ಉತ್ತರ ಬರದೇ ಇರುವುದಿಲ್ಲ. "ಮೊದಲನೇದು, ಅದನ್ನ ನಂಬಬಹುದು" ಎಂದು ಬರೆಯುತ್ತಾರೆ. ಆ ನಂಬಿಕೆಯನ್ನು ಅಂಕಿಯಲ್ಲಿ ಹೇಳುವುದು ಹೇಗೆ ಎಂಬಲ್ಲಿಂದ ಮಂಗಳವಾರದ ಆರು ನಿಮಿಷದ ವಿಡಿಯೋ ಶುರುವಾಗುತ್ತದೆ. ಮೊದಲನೆಯ ಬಸ್ಸಿಗೆ ಸುಮಾರು 1.4, ಎರಡನೆಯದಕ್ಕೆ ಸುಮಾರು 10.4 ಬಂದಾಗ ಆ ಅಂಕಿಗೆ ಅವರ ಮನಸ್ಸಿನಲ್ಲಿ ಆಗಲೇ ಒಂದು ಜಾಗವಿರುತ್ತದೆ. ಬುಧವಾರ ಬೇರೆ ಐದು ಅಂಕಿ ಕೊಡುತ್ತೇನೆ. ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಿ ಪುಟದ ಫೋಟೋ ಕಳಿಸಬೇಕು. ತಪ್ಪಿದ್ದರೂ ಅಂಕ ಕಳೆಯುವುದಿಲ್ಲ ಎಂದು ಮೊದಲೇ ಹೇಳಿರುತ್ತೇನೆ. ಹಾಗೆ ಹೇಳದಿದ್ದರೆ ಒಬ್ಬರ ಪುಟವೇ ಎಲ್ಲರ ಪುಟವಾಗುತ್ತದೆ.

ನೂರಿಪ್ಪತ್ತು ಪುಟ ತಿದ್ದುವುದು ಯಾರಿಂದ ಸಾಧ್ಯ ಎಂದು ನೀವು ಕೇಳುತ್ತೀರಿ. ನಾನು ಎಲ್ಲವನ್ನೂ ತಿದ್ದುವುದಿಲ್ಲ. ಮೂವತ್ತು ಪುಟ ನೋಡುವಷ್ಟರಲ್ಲಿ ತಪ್ಪುಗಳು ಮರುಕಳಿಸತೊಡಗುತ್ತವೆ. ಒಂದಷ್ಟು ಜನ ಸರಾಸರಿಯಿಂದ ಇರುವ ವ್ಯತ್ಯಾಸಗಳನ್ನು ವರ್ಗ ಮಾಡುವುದನ್ನು ಮರೆತಿರುತ್ತಾರೆ, ಇನ್ನಷ್ಟು ಜನ ಕೊನೆಯಲ್ಲಿ ವರ್ಗಮೂಲ ತೆಗೆದಿರುವುದಿಲ್ಲ. ಶುಕ್ರವಾರ ಮೂರು ನಿಮಿಷದ ಆಡಿಯೋದಲ್ಲಿ ಈ ತಪ್ಪುಗಳನ್ನೇ ಮಾತಾಡುತ್ತೇನೆ, ಹೆಸರು ಹೇಳದೆ. ಡೇಟಾ ಕಡಿಮೆ ಸಾಕು, ಸಿಗ್ನಲ್ ಸಿಕ್ಕಲ್ಲಿ ಇಳಿಸಿಕೊಂಡು ಮನೆಗೆ ಬಂದು ಕೇಳಬಹುದು. ಎಷ್ಟೋ ಮಕ್ಕಳು ಇದನ್ನು ವಿಡಿಯೋಗಿಂತ ಹೆಚ್ಚು ಸಲ ಕೇಳುತ್ತಾರೆ, ಏಕೆಂದರೆ ಅದು ಅವರು ಕಳಿಸಿದ್ದಕ್ಕೆ ಬಂದ ಉತ್ತರ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ 'ಸ್ವಯಂ' 2017ರಲ್ಲಿ ಆರಂಭವಾದಾಗ ಅದರ ಕೋರ್ಸುಗಳಿಗೆ ನಾಲ್ಕು ಭಾಗ ಗೊತ್ತುಮಾಡಿದರು: ವಿಡಿಯೋ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ. ಚೌಕಟ್ಟು ಒಳ್ಳೆಯದೇ. ಶ್ರಮವೆಲ್ಲ ಮೊದಲನೆಯದಕ್ಕೆ ಹೋಗಿ ಚರ್ಚೆಯ ಭಾಗ ಒಣಗುತ್ತದೆ ಎಂಬುದು ನನ್ನ ಬೇಸರ. ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳಿಂದ ನಾನು ಕಲಿತದ್ದು ವಾರದ ಗಡುವಿನ ಬೆಲೆಯನ್ನು. ಅಲ್ಲಿ ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಶೇ. 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ. 75. ಮನೆಯಲ್ಲಿ ಒಬ್ಬರೇ ಕಲಿಯುವವರಿಗೆ ಈ ಗಡುವೇ ಕಾಲೇಜಿನ ಗಂಟೆ.

2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ಅವಕಾಶ ಕೊಟ್ಟಿದೆ. ಅಂಥ ಕೋರ್ಸು ತೆಗೆದುಕೊಂಡ ಮಕ್ಕಳಿಗೂ ನಮ್ಮ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ಬೇಕು. ವಾರಕ್ಕೆ ಅರ್ಧ ಗಂಟೆ ಕೂರಿಸಿಕೊಂಡು, ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಅವರ ಬಾಯಿಂದಲೇ ಹೇಳಿಸಿದರೂ ಸಾಕು, ಎಲ್ಲಿ ಎಡವಿದ್ದಾರೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಮಧ್ಯಾಹ್ನದ ಅವಧಿಗೆ ಬರುವಾಗ ದಯವಿಟ್ಟು ನಿಮ್ಮ ವಿಷಯದ ಒಂದೇ ಒಂದು ಪಾಠ ಆರಿಸಿಕೊಂಡು ಬನ್ನಿ, ಮಕ್ಕಳು ಪ್ರತಿ ವರ್ಷ ಎಡವುವಂಥದ್ದು. ಲ್ಯಾಪ್‌ಟಾಪ್ ಬೇಡ. ಸೋಮವಾರ ಕಳಿಸುವ ಆ ಎರಡು ಸಾಲಿನ ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ಬರೆಯೋಣ.