ನಂಜನಗೂಡಿನ ಹಟಗಾರ್ತಿ: ಬೆಂಗಳೂರು ನಾಗರತ್ನಮ್ಮ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ನಾಗರತ್ನಮ್ಮ ಅಂದ ಕೂಡಲೇ ನಾವು ತಮಿಳುನಾಡಿನ ತಿರುವಯ್ಯಾರಿನಲ್ಲಿ ವಾಗ್ಗೇಯಕಾರ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯವಂತೆ ಅಂತ ಕೈಮುಗಿದು ಮುಂದೆ ಹೋಗಿಬಿಡುತ್ತೇವೆ. ನನಗೆ ಅಷ್ಟು ಸಾಲದು. ಅವರು ಭಕ್ತೆ ಹೌದು, ಆದರೆ ಮಹಾ ಹಟಗಾರ್ತಿ ಕೂಡ. ಹೆಣ್ಣಿನ ಹೆಸರು ಅಳಿಸಲು ಬಂದವರನ್ನು ಅವರು ಸುಮ್ನೆ ಬಿಟ್ಟವರಲ್ಲ. ಇವತ್ತು ಆ ಹಟದ ಬಗ್ಗೆಯೇ ಮಾತಾಡುತ್ತೇನೆ.

ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ತಾಯಿ ಪುಟ್ಟಲಕ್ಷ್ಮಿ. ಸಂಗೀತ, ನೃತ್ಯದ ಜೊತೆ ಸಂಸ್ಕೃತ, ತೆಲುಗು, ಇಂಗ್ಲಿಷ್ ಎಲ್ಲಾ ಕಲಿತರು. ಮೈಸೂರು, ಬೆಂಗಳೂರು ಆದಮೇಲೆ ಮದ್ರಾಸಿಗೆ ಹೋಗಿ ಗಾಯಕಿಯಾಗಿ ದೊಡ್ಡ ಹೆಸರು ಮಾಡಿದರು.

ಈಗ ಪುಸ್ತಕದ ವಿಷಯಕ್ಕೆ ಬರೋಣ, ಇದು ನನಗೆ ತುಂಬಾ ಇಷ್ಟದ ಭಾಗ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಅಂತ ಒಬ್ಬ ಕವಯಿತ್ರಿ ಇದ್ದರು. ಅವರು ತೆಲುಗಿನಲ್ಲಿ ಬರೆದ ಶೃಂಗಾರ ಕಾವ್ಯ ರಾಧಿಕಾ ಸಾಂತ್ವನಮು. ನಾಗರತ್ನಮ್ಮ ಅದನ್ನು ಹುಡುಕಿ ತರಿಸಿಕೊಂಡರು. ಅಚ್ಚಾದ ಪ್ರತಿಯೊಂದು ಸಿಕ್ಕಿತು, ಆಮೇಲೆ ಹಸ್ತಪ್ರತಿಯೂ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಏನು ಗೊತ್ತಾಯಿತು? ಅಚ್ಚಿನಲ್ಲಿ ಪದ್ಯಗಳೇ ಮಾಯ. ಅದಕ್ಕಿಂತ ಹೆಚ್ಚಾಗಿ, ಮುದ್ದುಪಳನಿ ತನ್ನ ಬಗ್ಗೆ, ತನ್ನ ಅಜ್ಜಿಯ ಬಗ್ಗೆ ಹೇಳಿಕೊಂಡ ಪೀಠಿಕೆಯನ್ನೇ ಕಿತ್ತುಹಾಕಿದ್ದರು. ಶೃಂಗಾರ ಇದೆ ಅಂತ ಪದ್ಯ ತೆಗೆದರಂತೆ, ಸರಿ, ಅಜ್ಜಿಯ ಹೆಸರಿನಲ್ಲಿ ಏನು ತಪ್ಪಿತ್ತು ಹೇಳಿ?

1910ರಲ್ಲಿ ವಾವಿಳ್ಳ ಪ್ರಕಾಶಕರ ಮೂಲಕ ಪೂರ್ತಿ ಪಾಠವನ್ನು ಹೊರತಂದರು. ಸುಧಾರಕ ಅಂತ ಆಂಧ್ರವೆಲ್ಲ ಗೌರವಿಸುತ್ತಿದ್ದ ಕಂದುಕೂರಿ ವೀರೇಶಲಿಂಗಂ ಈ ಕವಯಿತ್ರಿಯನ್ನು ಕಟುವಾಗಿ ನಿಂದಿಸಿದ್ದರು. ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರವೇ, ಗಂಡಸರು ಬರೆದರೆ ಅಡ್ಡಿ ಇಲ್ಲವೇ ಅಂತ ನಾಗರತ್ನಮ್ಮ ಮುನ್ನುಡಿಯಲ್ಲೇ ನೇರವಾಗಿ ಕೇಳಿದರು. ಆಗ ಅವರಿಗೆ ಮೂವತ್ತೆರಡರ ಆಸುಪಾಸು. ಮರುವರ್ಷ ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಪ್ರತಿಗಳನ್ನು ವಶಪಡಿಸಿಕೊಂಡಿತು. ಪಂಡಿತರು ಅರ್ಜಿ ಹಾಕಿದರೂ ಪ್ರಯೋಜನ ಆಗಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಗುರು ಬಿಡಾರಂ ಕೃಷ್ಣಪ್ಪನವರಿಂದ ಕಾಗದ ಬಂತು: ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ. ನಾಗರತ್ನಮ್ಮ ತಮ್ಮ ಸಂಪಾದನೆಯನ್ನೇ ಸುರಿದು 1921ರಲ್ಲಿ ಕೆಲಸ ಶುರುಮಾಡಿಸಿದರು. 1925ರಲ್ಲಿ ಗುಡಿಯ ಪ್ರತಿಷ್ಠೆ ಆಯಿತು. ಆದರೆ ಪ್ರತಿವರ್ಷ ಅಲ್ಲಿ ತ್ಯಾಗರಾಜರ ನೆನಪಿಗೆ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ! ಅಲ್ಲಿ ಎರಡು ಬಣ ಇದ್ದವು, ಪೆರಿಯ ಕಚ್ಚಿ, ಚಿನ್ನ ಕಚ್ಚಿ ಅಂತ, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ಒಬ್ಬರನ್ನೊಬ್ಬರು ಕಂಡರಾಗದು, ಹೆಂಗಸರನ್ನು ದೂರ ಇಡುವುದರಲ್ಲಿ ಮಾತ್ರ ಒಗ್ಗಟ್ಟು. ಗುಡಿ ಕಟ್ಟಿಸಿದವರಿಗೇ ಈ ಗತಿ ಅಂದರೆ ಹೊಟ್ಟೆ ಉರಿಯುವುದಿಲ್ವಾ? ಅವರು ಅಳುತ್ತಾ ಕೂರಲಿಲ್ಲ. ಮೂರನೇ ಬಣವನ್ನೇ ಹುಟ್ಟುಹಾಕಿದರು, ಪೆಂಗಳ್ ಕಚ್ಚಿ, ಅಂದರೆ ಹೆಂಗಸರ ಪಕ್ಷ. ಸಮಾಧಿಯ ಹಿಂಭಾಗದಲ್ಲಿ ಹೆಂಗಸರೇ ಸೇರಿ ಆರಾಧನೆ ನಡೆಸಿದರು. 1940ರ ಸುಮಾರಿಗೆ ಮೂರೂ ಬಣ ಒಂದಾದವು, ಹೆಂಗಸರಿಗೂ ಹಾಡಲು ಅವಕಾಶ ಆಯಿತು.

ಪುಸ್ತಕದ ಕಥೆಯೂ ಮುಗಿದಿರಲಿಲ್ಲ. ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದಾಗ ನಿಷೇಧ ತೆಗೆಸಿದರು. ಅದು 1947. ಹೊಸ ಮುದ್ರಣ ಬಂದಿದ್ದು 1952ರಲ್ಲಿ, ನಾಗರತ್ನಮ್ಮ ತೀರಿಕೊಂಡ ವರ್ಷವೇ. ಈ ಸಲ ಮುದ್ದುಪಳನಿಯ ಒಂದು ಪದ್ಯಕ್ಕೂ ಸರ್ಕಾರ ತಕರಾರು ತೆಗೆಯಲಿಲ್ಲ.