ಅಳತೆ ಬರೆದರೆ ಸಾಲದು

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಾಕುವವರು ಹೆಚ್ಚಿನವರು ಅಡುಗೆಮನೆಯಲ್ಲೇ ಇರುತ್ತೀರಿ, ಅಲ್ವಾ? ಕುಕ್ಕರ್ ಕೂಗಿದರೆ ಎದ್ದು ಆರಿಸಿ ಬನ್ನಿ. ನಾನಂತೂ ಕಾಯೋ ಹಾಗಿಲ್ಲ, ನನಗೆ ಕೊಟ್ಟಿರೋದು ಏಳೇ ನಿಮಿಷ.

ಮೂವತ್ತು ವರ್ಷ ಅಡುಗೆ ಪಾಠ ಮಾಡಿದವಳು ನಾನು. ಇವತ್ತು ಹೇಳೋದು ಒಂದೇ ಮಾತು. ರೆಸಿಪಿ ಬರೆಯುವಾಗ ಅಳತೆ ಮಾತ್ರ ಬರೆಯಬೇಡಿ, ಯಾಕೆ ಹಾಗೆ ಮಾಡುತ್ತೇವೆ ಅನ್ನೋದನ್ನೂ ಬರೆಯಿರಿ. ಈ ಬುದ್ಧಿ ನನಗೆ ಬಂದದ್ದು ಇಂಗ್ಲೆಂಡಿನ ಒಂದು ಮೀನುಗಾರರ ಊರಿನಲ್ಲಿ.

ಊರಿನ ಹೆಸರು ಮೌಸ್‌ಹೋಲ್. ಹೌದು, ಇಲಿಬಿಲ! ಆದರೆ ಹಾಗೆ ಅಂದರೆ ಅಲ್ಲಿಯವರು ನಗುತ್ತಾರೆ, ಅವರ ಬಾಯಲ್ಲಿ ಅದು ಮೌಝಲ್. ನೈರುತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಸೀಮೆ. ಬೂದುಬಣ್ಣದ ಕಲ್ಲಿನ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಓಣಿಗಳು, ಮಧ್ಯೆ ಬಟ್ಟಲಿನಂಥ ಪುಟ್ಟ ಬಂದರು. ಚಳಿಗಾಲ ಬಂತು ಅಂದರೆ ಆ ಬಂದರಿನ ಬಾಯಿಗೆ ದಪ್ಪ ಮರದ ತೊಲೆಗಳನ್ನು ಇಳಿಸಿ ಮುಚ್ಚಿಬಿಡುತ್ತಾರೆ. ಇಲ್ಲದಿದ್ದರೆ ಅಲೆ ಒಳಗೇ ನುಗ್ಗುತ್ತದೆ.

ಆ ತೊಲೆಗಳನ್ನು ನೋಡಿದ ಮೇಲೆ ಅಲ್ಲಿಯ ಪೈ ನನಗೆ ಅರ್ಥವಾಯಿತು. ಸ್ಟಾರ್‌ಗೇಜಿ ಪೈ ಅಂತ ಅದರ ಹೆಸರು. ಮೀನು, ಮೊಟ್ಟೆ, ಆಲೂಗಡ್ಡೆ ಹಾಕಿ ಮೇಲೆ ಹಿಟ್ಟಿನ ಹಾಳೆ ಮುಚ್ಚಿ ಬೇಯಿಸೋದು. ಆದರೆ ಮೀನಿನ ತಲೆಗಳು ಮಾತ್ರ ಹಾಳೆಯಿಂದ ಹೊರಗೆ ಇಣುಕಿ ಆಕಾಶ ನೋಡುತ್ತಿರುತ್ತವೆ. ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ. ಊರಿನ ಕತೆ ಹೀಗಿದೆ. ಒಂದು ಚಳಿಗಾಲ ಬಿರುಗಾಳಿ ನಿಲ್ಲಲೇ ಇಲ್ಲ, ದೋಣಿ ಇಳಿಸೋ ಹಾಗಿಲ್ಲ, ಊರಿಗೆ ಊರೇ ಉಪವಾಸ. ಆಗ ಟಾಮ್ ಬಾಕಾಕ್ ಅನ್ನೋ ಮೀನುಗಾರ ಒಬ್ಬನೇ ಕಡಲಿಗಿಳಿದು ಏಳು ಬಗೆ ಮೀನು ತಂದನಂತೆ. ಎಲ್ಲವನ್ನೂ ಒಂದೇ ಪೈಗೆ ಹಾಕಿ, ಒಳಗೆ ನಿಜವಾಗಿಯೂ ಮೀನಿದೆ ಅಂತ ತೋರಿಸಲು ತಲೆಗಳನ್ನು ಹೊರಗೆ ಬಿಟ್ಟರಂತೆ. ಇವತ್ತಿಗೂ ಡಿಸೆಂಬರ್ 23ರಂದು ಅವನ ಹೆಸರಿನಲ್ಲಿ ಹಬ್ಬ, ಪೈ ಹಂಚುತ್ತಾರೆ. ಅಳತೆ ಮಾತ್ರ ಓದಿದವರು ತಲೆ ಕತ್ತರಿಸಿ ಬಿಸಾಡುತ್ತಾರೆ. ಕಾರಣ ಗೊತ್ತಿದ್ದವರು ಬಿಸಾಡೋದಿಲ್ಲ.

ಅದರಲ್ಲಿ ಹಾಕುವ ಪಿಲ್ಚರ್ಡ್ ನಮ್ಮ ಮಂಗಳೂರಿನ ಬೂತಾಯಿಯ ನೆಂಟ. ಕಾರವಾರದವರೇ, ನಿಮ್ಮ ತಾರ್ಲೆ ಅಂದುಕೊಳ್ಳಿ. ಸಸ್ಯಾಹಾರಿಗಳು ಬೇಜಾರಾಗಬೇಡಿ, ಈಗ ಕೇಕಿಗೆ ಬರುತ್ತೇನೆ.

ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿಗೆ ಎಂಬತ್ತು ದಾಟಿತ್ತು. ಒಂದು ಬೆಳಿಗ್ಗೆ ಹೆವ್ವಾ ಕೇಕ್ ಮಾಡಲು ನಿಂತರು. ನಾನು ಪೆನ್ನು ಪುಸ್ತಕ ಹಿಡಿದು ಪಕ್ಕದಲ್ಲಿ. "ಹಾಲು ಎಷ್ಟು ಚಮಚ?" ಅಂದೆ. ಉತ್ತರ ಇಲ್ಲ. "ಯೀಸ್ಟ್ ಯಾವಾಗ ಹಾಕುತ್ತೀರಿ?" ಅಂದೆ. ತಲೆ ಎತ್ತಿ ನೋಡಿದರು, ಅಷ್ಟೇ. ಹಿಟ್ಟಿಗೆ ಬೆಣ್ಣೆ ಉಜ್ಜಿದರು, ಸಕ್ಕರೆ, ಒಣದ್ರಾಕ್ಷಿ ಸುರಿದರು, ಹಾಲು ಚಿಮುಕಿಸಿ ಮುದ್ದೆ ಮಾಡಿ, ಬೆರಳು ದಪ್ಪಕ್ಕೆ ತಟ್ಟಿದರು. ನಮ್ಮಲ್ಲಿ ರೊಟ್ಟಿ ತಟ್ಟುವ ಹಾಗೇ. ಆಮೇಲೆ ಚಾಕು ತೆಗೆದುಕೊಂಡು ಮೇಲೆ ಅಡ್ಡಡ್ಡ ಉದ್ದುದ್ದ ಗೆರೆ ಎಳೆಯತೊಡಗಿದರು. ನಾನು ಜಾಣೆ! "ಬೇಗ ಬೇಯಲಿ ಅಂತ ತಾನೆ?" ಅಂದೆ. ಅಜ್ಜಿ ಚಾಕು ಕೆಳಗಿಟ್ಟರು. "ಅದು ಬಲೆ, ಮಗಳೇ" ಅಂದರು.

ಆಮೇಲೆ ಕತೆ ಹೇಳಿದರು. ಹಿಂದೆ ಗುಡ್ಡದ ತುದಿಯಲ್ಲಿ ಒಬ್ಬ ಕಾವಲುಗಾರ ಇರುತ್ತಿದ್ದ. ಮೀನಿನ ಹಿಂಡು ಬಂದರೆ ನೀರಿನ ಬಣ್ಣವೇ ಬದಲಾಗುತ್ತದೆ. ಕಂಡ ಕೂಡಲೇ "ಹೆವ್ವಾ, ಹೆವ್ವಾ" ಅಂತ ಕೂಗುತ್ತಿದ್ದ. ಎರಡೂ ಕೈಯಲ್ಲಿ ಮುಳ್ಳುಪೊದೆಯ ಗೊಂಚಲು ಹಿಡಿದು, ಆ ಕಡೆ ಈ ಕಡೆ ಬೀಸಿ ದೋಣಿಗಳಿಗೆ ದಾರಿ ತೋರಿಸುತ್ತಿದ್ದ. ಕೂಗು ಕೇಳಿದ ಹೆಂಗಸರು ಕೇಕಿಗೆ ಹಿಟ್ಟು ತೆಗೆಯುತ್ತಿದ್ದರಂತೆ. ಗಂಡಸರು ಮನೆ ಸೇರುವಷ್ಟರಲ್ಲಿ ಬಿಸಿಬಿಸಿ ಕೇಕ್ ರೆಡಿ. ಯೀಸ್ಟ್ ಹಾಕಿ ಉಬ್ಬಲಿ ಅಂತ ಕಾಯುತ್ತಾ ಕೂರಲು ಪುರುಸೊತ್ತೆಲ್ಲಿ? ಹೆವ್ವಾ ಅನ್ನೋದು ಕಾರ್ನಿಷ್, ಅಂದರೆ ಕಾರ್ನ್‌ವಾಲಿನ ಸ್ವಂತ ನುಡಿಯ ಮಾತು. ಆ ನುಡಿಯನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವಳು ಅಂತ ಹೆಸರಾದ ಡಾಲಿ ಪೆಂಟ್ರೀತ್ ಇದೇ ಊರಿನವಳು, ಮೀನು ಮಾರುತ್ತಿದ್ದಳು, 1777ರಲ್ಲಿ ತೀರಿಕೊಂಡಳು. ಆ ಕೂಗು ಮಾತ್ರ ಕೇಕಿನ ಹೆಸರಿನಲ್ಲಿ ಉಳಿದಿದೆ.

ಅಲ್ಲಿ ಸಹಾಯಾರ್ಥ ಮಾರುವ ರೆಸಿಪಿ ಪುಸ್ತಕವೊಂದನ್ನು ಕೊಂಡೆ. ತೆಳ್ಳಗಿನದು, ಪ್ರತಿ ರೆಸಿಪಿಯ ಕೆಳಗೂ ಕೊಟ್ಟವರ ಹೆಸರು. ಹೆವ್ವಾ ಕೇಕ್ ಪುಟದಲ್ಲಿ "ಮೇಲೆ ಗೆರೆ ಎಳೆಯಿರಿ" ಅಂತ ಇದೆ. ಬಲೆಯ ಮಾತಿಲ್ಲ! ನನಗೆ ಸಿಟ್ಟು ಬಂದಿದ್ದು ಅದಕ್ಕೇ. ನೀವೂ ನಿಮ್ಮ ಸಂಘದ ಪುಸ್ತಕದಲ್ಲಿ ಸುಮ್ನೆ "ಚಿಟಿಕೆ ಇಂಗು" ಅಂತ ಬರೆದು ಕೈ ತೊಳೆದುಕೊಳ್ಳುತ್ತೀರಿ. ಯಾಕೆ ಇಂಗು? ಬರೆಯಿರಿ.

ಅಯ್ಯೋ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಒಂದೇ ನಿಮಿಷವಂತೆ. ಕಾರ್ನಿಷ್ ಪಾಸ್ಟಿ ಬಗ್ಗೆ ಹೇಳಬೇಕಿತ್ತು. ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥದ್ದು, ತವರದ ಗಣಿಯವರ ಬುತ್ತಿ ಅದು, 2011ರಿಂದ ಅದಕ್ಕೆ ನಮ್ಮ ಮೈಸೂರು ಮಲ್ಲಿಗೆಯ ಹಾಗೆ ಊರಿನ ಗುರುತಿನ ರಕ್ಷಣೆಯೂ ಇದೆ. ಚಹಾದ ಜೊತೆ ತಿನ್ನುವ ಸ್ಕೋನ್ ಅನ್ನೋ ಬನ್‌ಗೆ ಕಾರ್ನ್‌ವಾಲಿನವರು ಮೊದಲು ಜ್ಯಾಮ್, ಮೇಲೆ ಕೆನೆ ಹಾಕುತ್ತಾರೆ. ಪಕ್ಕದ ಡೆವನ್‌ನವರು ತಿರುಗಾಮುರುಗಾ. ಡಿಸೆಂಬರಿನಲ್ಲಿ ಮೌಸ್‌ಹೋಲಿಗೆ ಹೋದರೆ ಬಂದರಿನ ತುಂಬ ದೀಪ. 19ನೇ ತಾರೀಕು ಮಾತ್ರ ಒಂದು ಗಂಟೆ ಹೊತ್ತು ದೀಪ ತಗ್ಗಿಸುತ್ತಾರೆ. 1981ರಲ್ಲಿ ಆ ರಾತ್ರಿ ಬಿರುಗಾಳಿಗೆ ಸಿಕ್ಕ ಹಡಗಿನವರನ್ನು ಉಳಿಸಲು ಲೈಫ್‌ಬೋಟ್ ಹತ್ತಿ ಹೋದ ಎಂಟು ಜನ ವಾಪಸ್ ಬರಲಿಲ್ಲ.

ಹೆವ್ವಾ ಕೇಕಿಗೆ ಏನೇನು ಬೇಕು, ಬೇಗ ಬರೆದುಕೊಳ್ಳಿ. ಮೈದಾ 225 ಗ್ರಾಂ, ಬೆಣ್ಣೆ 110, ಸಕ್ಕರೆ 75, ಒಣದ್ರಾಕ್ಷಿ 150, ಹಾಲು ಮುದ್ದೆ ಆಗುವಷ್ಟು. ಮೊಟ್ಟೆ ಬೇಡ, ಯೀಸ್ಟ್ ಬೇಡ. ಚಾಕುವಿನಲ್ಲಿ ಬಲೆ ಬಿಡಿಸಿ. ಓವನ್ 180 ಡಿಗ್ರಿ, ಅರ್ಧ ಗಂಟೆ. ನಮಸ್ಕಾರ.